ಚಿತ್ರಕಥೆಗಳ ಜಾತ್ರೆಯಲ್ಲಿ ಎರಡು ದಿನ

ಮನೆಯ ಮಕ್ಕಳು ನಾವು ಬಲ್ಲ ದಾರಿಯಲ್ಲಿಯೇ ನಡೆದರೆ ಅವರ ಬೆನ್ನಿಗೆ ನಿಲ್ಲುವುದು ಹಿರಿಯರಿಗೆ ಸುಲಭ. ವೈದ್ಯನಾಗುವವನಿಗೂ ವಕೀಲನಾಗುವವನಿಗೂ ನಾವು ಧಾರಾಳವಾಗಿ ಆಶೀರ್ವಾದ ಮಾಡುತ್ತೇವೆ. ಆದರೆ ನಾವು ಹೆಸರನ್ನೇ ಕೇಳದ ಉದ್ಯೋಗವೊಂದನ್ನು ಹಿಡಿದು ಮಗು ಎದುರಿಗೆ ಬಂದು ನಿಂತಾಗ ನಮ್ಮ ನಾಲಗೆ ತಡವರಿಸುತ್ತದೆ. ಅಂಥ ಪ್ರಸಂಗವೊಂದು ನಮ್ಮ ಮನೆತನದಲ್ಲಿಯೇ ಒದಗಿತು. ಅದರಿಂದ ನಾವು ಕಲಿತುದನ್ನು ವಾಚಕರ ಮುಂದಿಡುವುದು ಅನುಚಿತವಾಗಲಾರದೆಂದು ಭಾವಿಸಿ ಈ ಲೇಖನವನ್ನು ಬರೆಯಲು ತೊಡಗಿದ್ದೇವೆ.

ನಾವು ವಿಜಯಪುರ ನಗರದಲ್ಲಿ ಮಾಸ್ತರಿಕೆಯನ್ನು ಮುಗಿಸಿ ಮನೆಯಲ್ಲಿರುವವರು. ನಮ್ಮ ತಮ್ಮನು ಬಬಲೇಶ್ವರದಲ್ಲಿ ಒಕ್ಕಲುತನ ಮಾಡಿಕೊಂಡಿದ್ದಾನೆ. ತಂಗಿಯನ್ನು ತಿಕೋಟೆಗೆ ಕೊಟ್ಟಿದೆ. ಆಕೆಯ ಮನೆಯವರದು ದ್ರಾಕ್ಷಿಯ ತೋಟ. ತಮ್ಮನ ಮಗಳು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದಿ, ಅಲ್ಲಿಯೇ ಕಂಪನಿಯೊಂದರಲ್ಲಿ ಮೂರು ವರ್ಷ ದುಡಿದಳು. ತರುವಾಯ ಆ ನೌಕರಿಯನ್ನು ಬಿಟ್ಟು, ಇನ್ನು ಮೇಲೆ ಚಿತ್ರಕಥೆಗಳನ್ನು ಬರೆಯುವೆನೆಂದು ತಿಳಿಸಿದಳು. ತಮ್ಮನು ಬೈಯಲಿಲ್ಲ, ಬೈದಿದ್ದರೆ ಲೇಸಾಗುತ್ತಿತ್ತು. ಆತನು ಮಾತನ್ನೇ ಬಿಟ್ಟನು. ಒಂದೂವರೆ ವರ್ಷದವರೆಗೆ ಮಗಳ ಫೋನು ಬಂದಾಗಲೆಲ್ಲ ಅದನ್ನು ಹೆಂಡತಿಯ ಕೈಗೆ ಕೊಟ್ಟು ಹೊಲದ ಹಾದಿ ಹಿಡಿಯುತ್ತಿದ್ದನು.

2024ನೆಯ ಇಸವಿಯ ಡಿಸೆಂಬರ್ 30ರಂದು ಎಳ್ಳ ಅಮಾವಾಸ್ಯೆ. ಆ ದಿನ ಹುಡುಗಿ ಊರಿಗೆ ಬಂದಿದ್ದಳು. ಹೊಲದಲ್ಲಿ ಚರಗ ಚೆಲ್ಲಿ ಎಲ್ಲರೂ ಊಟಕ್ಕೆ ಕುಳಿತಾಗ ನಮ್ಮ ಕಡೆಗೆ ತಿರುಗಿ ಹೇಳಿದಳು: “ದೊಡ್ಡಪ್ಪಾ, ಬರೋ ತಿಂಗಳ ಬೆಂಗಳೂರಾಗ ಕಾಮಿಕ್ ಕಾನ್ ಐತಿ. ನನ್ನ ಪುಸ್ತಕ ಅಚ್ಚಾಗೇತಿ. ಮಾರಾಕ ಅಲ್ಲಿ ಒಂದು ಮೇಜು ಹಿಡದೀನಿ. ನೀವೆಲ್ಲಾರೂ ಬರಬೇಕರಿ.” ಕಣ್ಣು ನಮ್ಮ ಮೇಲಿದ್ದಿತಾದರೂ ಮಾತು ತಂದೆಗೆ ಆಡಿದ್ದು. ತಮ್ಮನು ತೆನೆ ಹಿರಿಯುತ್ತಿದ್ದ ಜೋಳವನ್ನು ನೋಡುತ್ತ, “ಹಕ್ಕಿ ಕಾಯೋರು ಯಾರು?” ಎಂದು ತನ್ನಷ್ಟಕ್ಕೆ ತಾನೇ ಕೇಳಿಕೊಂಡನು. ಉಳಿದಿದ್ದ ಹಣವನ್ನೆಲ್ಲ ಹಾಕಿ ಆಕೆ 300 ಪ್ರತಿಗಳನ್ನು ಅಚ್ಚು ಹಾಕಿಸಿದ್ದಾಳೆಂಬುದು ಆಕೆಯ ತಾಯಿಯಿಂದ ನಮಗೆ ಆಮೇಲೆ ತಿಳಿಯಿತು.

ಈ ಕಾಮಿಕ್ ಕಾನ್ ಎಂಬುದು ಏನೆಂದು ನಾವು ವಿಚಾರಿಸಿ ನೋಡಿದೆವು. ಒಂದು ಬಗೆಯ ಕಥೆಗಳನ್ನು ಮೆಚ್ಚಿದ ಅಭಿಮಾನಿಗಳು ಒಂದೆಡೆ ಕೂಡಿ, ಅವನ್ನು ರಚಿಸಿದವರನ್ನು ಕಂಡು ಮಾತಾಡಿ, ಪುಸ್ತಕಗಳನ್ನು ಕೊಂಡು ಸಂತೋಷಪಡುವ ಸಮ್ಮೇಳನವಿದು. ವಿಜ್ಞಾನಕಥೆಗಳ ಓದುಗರು 1939ರ ಜುಲೈಯಲ್ಲಿ ನ್ಯೂಯಾರ್ಕಿನಲ್ಲಿ ತಮ್ಮ ಮೊದಲನೆಯ ಜಾಗತಿಕ ಸಮ್ಮೇಳನವನ್ನು ನಡೆಸಿದರು. ಕೂಡಿದವರು ಸುಮಾರು ಇನ್ನೂರು ಜನ. ಅವರಲ್ಲಿ ಇಬ್ಬರು ಭವಿಷ್ಯತ್ಕಾಲದ ಮಾನವರ ಉಡುಪನ್ನು ತೊಟ್ಟು ಬಂದಿದ್ದರಂತೆ. 1970ರಲ್ಲಿ ಅಮೇರಿಕೆಯ ಸ್ಯಾನ್ ಡಿಯೇಗೋ ನಗರದಲ್ಲಿ ಚಿತ್ರಕಥೆಗಳ ಮೇಳವು ಪ್ರಾರಂಭವಾಯಿತು. ಆಗ ನೂರರ ಲೆಕ್ಕದಲ್ಲಿ ಬಂದವರು ಈಗ ಲಕ್ಷದ ಲೆಕ್ಕದಲ್ಲಿ ಬರುತ್ತಾರೆ. ಜಪಾನಿನಲ್ಲಿ 1975ರಲ್ಲಿ ಮೊದಲಾದ ಕಾಮಿಕೆಟ್ ಎಂಬ ಮೇಳದಲ್ಲಿಯಂತೂ ತಾವೇ ಬರೆದು ತಾವೇ ಅಚ್ಚು ಹಾಕಿಸಿ ತಾವೇ ಮಾರುವವರದೇ ಮುಖ್ಯ ಸ್ಥಾನ. ನಮ್ಮ ದೇಶದಲ್ಲಿ 2011ರಲ್ಲಿ ದಿಲ್ಲಿಯಲ್ಲಿ ಮೊದಲನೆಯ ಕಾಮಿಕ್ ಕಾನ್ ನೆರೆಯಿತು. ಮರುವರ್ಷ ಬೆಂಗಳೂರಿಗೂ ಬಂದಿತು.

ಇಲ್ಲಿ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಕಾರ್ಕಳದ ಅನಂತ ಪೈಯವರು 1967ರಲ್ಲಿ ಆರಂಭಿಸಿದ ಅಮರ ಚಿತ್ರಕಥೆಯ ಪುಸ್ತಕಗಳನ್ನು ವಿದ್ಯಾರ್ಥಿಗಳು ವ್ಯಾಕರಣದ ಪುಸ್ತಕದೊಳಗೆ ಅಡಗಿಸಿಕೊಂಡು ಓದುತ್ತಿದ್ದರು. ನಾವು ಅವನ್ನು ಕಸಿದುಕೊಂಡು ಕಪಾಟಿನಲ್ಲಿಡುತ್ತಿದ್ದೆವು. ಮಧ್ಯಾಹ್ನದ ಬಿಡುವಿನಲ್ಲಿ ನಾವೇ ಓದುತ್ತಿದ್ದೆವು. ನಾವು ಸುಖಪಟ್ಟ ವಸ್ತುವನ್ನೇ ಮಕ್ಕಳಿಗೆ ಹಾನಿಕರವೆಂದು ಬೋಧಿಸುತ್ತ ಬಂದೆವಲ್ಲ ಎಂದು ಈಗ ನಾಚಿಕೆಯಾಗುತ್ತದೆ.

ಹುಡುಗಿಯ ಪುಸ್ತಕದ ವಿಷಯವಾದರೋ ನಮ್ಮ ನಾಡಿನದೇ. ವಿಜಯಪುರದಿಂದ ತಿಕೋಟೆಗೆ ಹೋಗುವಾಗ ನಡುವೆ ಸಿಗುವ ತೊರವೆಯನ್ನು, ಕುಮಾರವಾಲ್ಮೀಕಿಯ ತೊರವೆ ರಾಮಾಯಣದ ಮೂಲಕ ಬಲ್ಲವರು ಅನೇಕರು. ಆದಿಲಶಾಹಿಯ ಕಾಲದಲ್ಲಿ ಆ ತೊರವೆಯಿಂದ ರಾಜಧಾನಿಗೆ ನೆಲದೊಳಗಿನ ಸುರಂಗದಲ್ಲಿ ನೀರನ್ನು ತಂದಿದ್ದರು. ಇದಕ್ಕೆ ಕರೇಜ್ ಎಂದು ಹೆಸರು. ಎತ್ತರದ ನೆಲದ ಅಂತರ್ಜಲವು ಸುರಂಗದ ಸಣ್ಣ ಇಳುಕಲಿನಲ್ಲಿ ತಾನಾಗಿಯೇ ಹರಿದು ಬರುತ್ತದೆ. ಎತ್ತುಗಳೂ ಬೇಡ, ಯಂತ್ರವೂ ಬೇಡ. ಗಾಳಿಗಾಗಿಯೂ ಹೂಳು ತೆಗೆಯುವುದಕ್ಕಾಗಿಯೂ ಅಲ್ಲಲ್ಲಿ ನೆಲದ ಮೇಲಿನಿಂದ ಬಾವಿಯಂಥ ಕಂಡಿಗಳನ್ನು ತೋಡಿರುತ್ತಾರೆ. ನಗರದೊಳಗೆ ನೀರಿನ ಒತ್ತಡವನ್ನು ತಗ್ಗಿಸಲು ಗಂಜ್ ಎಂಬ ಗೋಪುರಗಳನ್ನು ಕಟ್ಟಿದ್ದರು. ಇದಲ್ಲದೆ 1579ರ ಚಾಂದ ಬಾವಡಿ, 1620ರ ತಾಜ ಬಾವಡಿಗಳಿದ್ದವು. ಹುಡುಗಿಯ ಕಥೆಯಲ್ಲಿ, ಅಜ್ಜನ ಬಾವಿ ಬತ್ತಿದ್ದನ್ನು ಕಂಡ ಹಳ್ಳಿಯ ಬಾಲಕಿಯೊಬ್ಬಳು ನೀರು ಎಲ್ಲಿಗೆ ಹೋಯಿತೆಂದು ಹುಡುಕುತ್ತ ತೊರವೆಯ ಸುರಂಗವನ್ನು ಹೊಗುತ್ತಾಳೆ. ಇದಿಷ್ಟನ್ನು ಆಕೆ 64 ಪುಟಗಳಲ್ಲಿ ಚಿತ್ರಿಸಿದ್ದಳು. 200 ಪ್ರತಿಗಳು ಕನ್ನಡದಲ್ಲಿ, 100 ಇಂಗ್ಲಿಷಿನಲ್ಲಿ.

2025ರ ಜನವರಿಯಲ್ಲಿ ಸಿದ್ಧೇಶ್ವರ ಜಾತ್ರೆಯ ಗದ್ದಲವು ಇಳಿಯುತ್ತಿದ್ದಂತೆ ನಾವು ಹೊರಟೆವು. ತಂಗಿಯು ಗೊನೆ ಹಿಡಿದ ತೋಟವನ್ನು ಯಜಮಾನರಿಗೆ ಒಪ್ಪಿಸಿ, ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಶೇಂಗಾ ಹೋಳಿಗೆಗಳ ಗಂಟಿನೊಡನೆ ಬಂದಳು. ತಮ್ಮನ ಹೆಂಡತಿಯೂ ಬಂದಳು. ಗೋಲ ಗುಂಬಜ್ ಎಕ್ಸ್‌ಪ್ರೆಸ್ ಗಾಡಿಯು ಬರುವ ಹೊತ್ತಿಗೆ, ಬರುವುದಿಲ್ಲವೆಂದಿದ್ದ ತಮ್ಮನೂ ಕೈಚೀಲ ಹಿಡಿದು ನಿಲ್ದಾಣದಲ್ಲಿ ಕಾಣಿಸಿಕೊಂಡನು. ನಾವು ಕೇಳುವ ಮೊದಲೇ, “ಎಷ್ಟು ರೊಕ್ಕ ಹಾಳು ಮಾಡ್ಯಾಳ ಅಂತ ನೋಡಾಕ ಬಂದೀನಿ, ಅಣ್ಣಾ” ಎಂದನು. ನಾವು ಏನನ್ನೂ ಹೇಳದೆ ಕಿಟಕಿಯ ಬಳಿಯಲ್ಲಿ ಅವನಿಗೆ ಸ್ಥಳ ಮಾಡಿಕೊಟ್ಟೆವು.

ಶನಿವಾರ ಮುಂಜಾನೆ ಬೆಂಗಳೂರಿನಲ್ಲಿ ಇಳಿದು, ಮೆಟ್ರೋ ಗಾಡಿಯಲ್ಲಿ ವೈಟ್‌ಫೀಲ್ಡಿನತ್ತ ಹೋಗಿ, ಮೇಳವು ನೆರೆದಿದ್ದ ಕೆ.ಟಿ.ಪಿ.ಒ. ಸಭಾಂಗಣವನ್ನು ಸೇರಿದೆವು. ದ್ವಾರದಲ್ಲಿಯೇ ತಂಗಿಯು ನಮ್ಮ ತೋಳನ್ನು ಹಿಡಿದುಕೊಂಡಳು. ನೀಲಿ ಕೂದಲಿನ ಕನ್ಯೆಯರು, ಕಬ್ಬಿಣದ ಕವಚದ ವೀರರು, ರೆಕ್ಕೆಯುಳ್ಳವರು, ಮುಖವೆಲ್ಲ ಹಸಿರು ಬಳಿದುಕೊಂಡವರು ನಮ್ಮೊಡನೆಯೇ ಸರತಿಯ ಸಾಲಿನಲ್ಲಿ ಶಾಂತವಾಗಿ ನಿಂತಿದ್ದರು. ಕಥೆಯ ಪಾತ್ರದಂತೆ ವೇಷ ತೊಡುವ ಈ ಹವ್ಯಾಸಕ್ಕೆ ಕಾಸ್‌ಪ್ಲೇ ಎನ್ನುತ್ತಾರೆ. 1980ರ ದಶಕದ ಆದಿಯಲ್ಲಿ ಜಪಾನಿನ ನೊಬುಯುಕಿ ತಕಹಾಶಿ ಎಂಬವರು ಈ ಹೆಸರನ್ನು ರೂಢಿಗೆ ತಂದರು. ಕಬ್ಬಿಣದ ವೀರನನ್ನು ಮಾತಾಡಿಸಿ ನೋಡಿದೆವು. ಕವಚವು ಕಬ್ಬಿಣದ್ದಲ್ಲ, ಮೆತ್ತನೆಯ ಫೋಮ್ ಹಾಳೆಯನ್ನು ಕತ್ತರಿಸಿ, ಕಾಯಿಸಿ ಬಾಗಿಸಿ, ಬಣ್ಣ ಕೊಟ್ಟು ನಾಲ್ಕು ತಿಂಗಳಿನಲ್ಲಿ ತಾನೇ ಮಾಡಿಕೊಂಡದ್ದೆಂದು ಹುಡುಗನು ಹೇಳಿದನು.

ಆಗ ನಮಗೆ ಭರತಮುನಿಯ ನೆನಪಾಯಿತು. ನಾಟ್ಯಶಾಸ್ತ್ರದಲ್ಲಿ ಅಭಿನಯವು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ನಾಲ್ಕು ವಿಧ. ವೇಷಭೂಷಣಗಳಿಗೆ ಸಂಬಂಧಿಸಿದುದು ಆಹಾರ್ಯ. ಅದರಲ್ಲಿ ಮತ್ತೆ ನಾಲ್ಕು ಭೇದಗಳು. ಬಿದಿರು, ಬಟ್ಟೆ, ಚರ್ಮಗಳಿಂದ ಕೃತಕ ವಸ್ತುಗಳನ್ನು ನಿರ್ಮಿಸುವುದಕ್ಕೆ ಪುಸ್ತವೆಂದು ಹೆಸರು. ಫೋಮಿನ ಕವಚವು ಇದಕ್ಕಿಂತ ಬೇರೆಯೇ? ತಂಗಿಗೆ ಶಾಸ್ತ್ರದ ಹಂಗು ಬೇಕಾಗಲಿಲ್ಲ. “ನಮ್ಮ ಓಣಿಗೆ ಬರ್ತಿದ್ದ ಹಗಲುವೇಷದವರ ಹಂಗ ಅದಾರಲ್ಲ!” ಎಂದು ಆಕೆಯೇ ನಕ್ಕು ಧೈರ್ಯ ತಂದುಕೊಂಡಳು. ರಾಮನಾಗಿ, ಹನುಮಂತನಾಗಿ ಹಾಡಹಗಲಿನಲ್ಲಿ ಮನೆಬಾಗಿಲಿಗೆ ಬರುತ್ತಿದ್ದ ಆ ಕಲಾವಿದರಿಗೆ ಮೊರದ ತುಂಬ ಜೋಳ ನೀಡಿದವರಿಗೆ ಈ ಮಕ್ಕಳು ಅಪರಿಚಿತರಾಗಬೇಕಾಗಿಲ್ಲ. ಭೇದವಿಷ್ಟೆ: ಅವರದು ಹೊಟ್ಟೆಪಾಡು, ಇವರದು ಹವ್ಯಾಸ.

ದೊಡ್ಡ ಕಂಪನಿಗಳ ಥಳಕಿನ ಮಳಿಗೆಗಳನ್ನು ದಾಟಿ ಹೋದರೆ, ಬಿಡಿ ಕಲಾವಿದರ ಓಣಿ. ಸಾಲಾಗಿ ಹಾಕಿದ ಮೇಜುಗಳಲ್ಲಿ ಒಂದರ ಹಿಂದೆ ನಮ್ಮ ಹುಡುಗಿ ನಿಂತಿದ್ದಳು. ತಂದೆಯನ್ನು ಕಂಡು ಆಕೆಯ ಕೈಯಲ್ಲಿದ್ದ ಪುಸ್ತಕಗಳು ಜಾರಿದವು. ಆತನು, “ಉಂಡಿ ಏನು?” ಎಂದು ಕೇಳಿದನು. ಒಂದೂವರೆ ವರ್ಷದ ಮೇಲೆ ಆಡಿದ ಮೊದಲನೆಯ ಮಾತು ಅದು.

ಆ ದಿನ ವ್ಯಾಪಾರವು ಚೆನ್ನಾಗಿ ಆಗಲಿಲ್ಲ. ಬಂದವರು ಪುಸ್ತಕವನ್ನು ಎತ್ತಿ, ನಾಲ್ಕು ಹಾಳೆ ತಿರುವಿ, ಮುಗುಳ್ನಕ್ಕು ಮುಂದಕ್ಕೆ ಹೋಗುತ್ತಿದ್ದರು. ಪ್ರತಿಯೊಬ್ಬರಿಗೂ ಹುಡುಗಿಯು ಅದೇ ಕಥೆಯನ್ನು ಅದೇ ಉತ್ಸಾಹದಿಂದ ಹೇಳಬೇಕು. ಹೋದವರ ಮೇಲೆ ಬೇಸರಪಡದೆ ಮುಂದಿನವರಿಗೆ ನಗುಮುಖ ತೋರಬೇಕು. ನಾವು ಮೂವತ್ತು ವರ್ಷ ತರಗತಿಯಲ್ಲಿ ನಿಂತವರು. ನಮ್ಮ ಎದುರಿನ ಮಕ್ಕಳಿಗೆ ಎದ್ದು ಹೋಗುವ ಸ್ವಾತಂತ್ರ್ಯವಿರಲಿಲ್ಲ. ಈಕೆಯ ಕೆಲಸವು ಅದಕ್ಕಿಂತ ಕಠಿನವೆಂದು ಅಂದು ಕಂಡುಕೊಂಡೆವು. ಸಂಜೆಯವರೆಗೆ ಹೋದ ಪ್ರತಿಗಳು 19. ತಮ್ಮನು ಮೇಜಿನ ಹಿಂದಿನ ಕುರ್ಚಿಯಲ್ಲಿ ಕುಳಿತು ಎಲ್ಲವನ್ನೂ ನೋಡಿದನು. ಪುಸ್ತಕವನ್ನು ಮಾತ್ರ ಮುಟ್ಟಲಿಲ್ಲ.

ರವಿವಾರ ಬೆಳಗ್ಗೆ ಜನ ಇನ್ನೂ ಸೇರಿರಲಿಲ್ಲ. ಹುಡುಗಿಯು ತಾಯಿಯೊಡನೆ ನೀರು ತರಲು ಹೋಗಿದ್ದಳು. ತಮ್ಮನು ಮೆಲ್ಲನೆ ಒಂದು ಪ್ರತಿಯನ್ನು ಎತ್ತಿಕೊಂಡನು. ಮೂರನೆಯ ಪುಟದಲ್ಲಿ ಕೈ ನಿಂತಿತು. ಅಲ್ಲಿ ಬಾಲಕಿಯ ಅಜ್ಜನು ತನ್ನ ಯೌವನದಲ್ಲಿ ಎತ್ತುಗಳನ್ನು ಹೂಡಿ ತೊಗಲಿನ ಚೀಲದಿಂದ ಬಾವಿಯ ನೀರೆತ್ತುವ ಚಿತ್ರವಿದ್ದಿತು. ಬಾವಿಯ ಕಟ್ಟೆಯ ಒಡೆದ ಮೂಲೆ, ಪಕ್ಕದ ಬೇವಿನ ಮರ, ತಲೆಗೆ ಸುತ್ತಿದ ರುಮಾಲಿನ ಓರೆ: ನಮ್ಮ ತಂದೆಯವರೇ ಅವರು! ಅವರು ತೀರಿಕೊಂಡಾಗ ಹುಡುಗಿ ತೊಟ್ಟಿಲಿನ ಕೂಸು. ಅಜ್ಜಿಯ ಬಾಯಿಂದ ಕೇಳಿ ಕೇಳಿ ಬರೆದಿದ್ದಾಳೆ. ತಮ್ಮನು ಆ ಪುಟವನ್ನು ಬಹಳ ಹೊತ್ತು ನೋಡಿದನು.

ಹುಡುಗಿ ಮರಳಿ ಬಂದಾಗ ಮೇಜಿನ ಮುಂದೆ ಗಿರಾಕಿಗಳಿಬ್ಬರು ನಿಂತಿದ್ದರು. ಅವರ ಎದುರಿನಲ್ಲಿಯೇ ತಮ್ಮನು, “ಇದು ತಪ್ಪಾಗೇತಿ” ಎಂದನು. ನಮಗೆ ಎದೆ ಧಸಕ್ಕೆಂದಿತು. “ಚೀಲ ಮ್ಯಾಲೆ ಬಂದೈತಿ, ಎತ್ತು ಬಾವಿ ಹತ್ರನ ನಿಂತಾವು. ಹಂಗ ಆಗೂದಿಲ್ಲ. ಎತ್ತು ಇಳಿಜಾರದಾಗ ಕೆಳಗ ಹೋದಂಗ ಹಗ್ಗ ಎಳದು ಚೀಲ ಮ್ಯಾಲೆ ಬರ್ತೈತಿ. ನೀರು ಸುರುವಿದ ಮ್ಯಾಲೆ ಎತ್ತು ಹಿಂದ ಹಿಂದ ಸರದು ಬರ್ತಾವು.” ಹುಡುಗಿಯು ಮುಖ ಸಣ್ಣದು ಮಾಡಲಿಲ್ಲ. ಪೆನ್ಸಿಲನ್ನು ತಂದೆಯ ಕೈಗೆ ಕೊಟ್ಟು, “ಎಲ್ಲಿ ನಿಂದರಬೇಕು, ತೋರಸ್ರಿ ಅಪ್ಪಾ” ಎಂದಳು. ಆತನು ಪುಟದ ಅಂಚಿನಲ್ಲಿ ಸೊಟ್ಟಗೆರೆಗಳಿಂದ ಎರಡು ಎತ್ತುಗಳನ್ನು ಬರೆದನು. ಗಿರಾಕಿಗಳಲ್ಲಿ ಒಬ್ಬರು ಆ ಪ್ರತಿಯನ್ನೇ ಕೇಳಿದರು. ಹುಡುಗಿ ಕೊಡಲಿಲ್ಲ. ಬೇರೆ ಪ್ರತಿಯಲ್ಲಿ ತಮ್ಮನು ಮತ್ತೆ ಬರೆದುಕೊಟ್ಟನು.

ಭವಭೂತಿಯ ಉತ್ತರರಾಮಚರಿತದ ಮೊದಲನೆಯ ಅಂಕದಲ್ಲಿ ರಾಮ, ಸೀತೆ, ಲಕ್ಷ್ಮಣರು ತಮ್ಮದೇ ಬಾಳಿನ ಚಿತ್ರಗಳನ್ನು ನೋಡುವ ಪ್ರಸಂಗವಿದೆ. ಕಳೆದುಹೋದ ನೋವು ಚಿತ್ರವನ್ನು ಕಂಡೊಡನೆ ಮತ್ತೆ ಹೊಸದಾಗುವುದನ್ನು ಕವಿಯು ಅಲ್ಲಿ ತೋರಿಸಿದ್ದಾನೆ. ಅನೇಕ ವರ್ಷ ಅದನ್ನು ಪಾಠ ಹೇಳಿದ ನಮಗೆ ಅದರ ಅರ್ಥವು ಆ ಮೇಜಿನ ಹಿಂದೆ ಸ್ಪಷ್ಟವಾಯಿತು. ಮಗಳು ಮನೆತನವನ್ನು ಬಿಟ್ಟು ಎಲ್ಲಿಗೋ ಹೋದಳೆಂದು ತಮ್ಮನು ತಿಳಿದಿದ್ದನು; ಆಕೆ ಹೋದದ್ದು ಅಜ್ಜನ ಬಾವಿಗೆ.

ಲೆಕ್ಕವನ್ನು ಮರೆಮಾಚುವುದು ಯುಕ್ತವಲ್ಲ. ರವಿವಾರ 68 ಪ್ರತಿಗಳು ಹೋದವು. ಎರಡು ದಿನಕ್ಕೆ ಒಟ್ಟು 87. ಅಚ್ಚಿನ ಖರ್ಚು, ಮೇಜಿನ ಬಾಡಿಗೆ ಕೂಡಿಸಿ ನೋಡಿದರೆ ಹಾಕಿದ ಹಣದಲ್ಲಿ ಅರ್ಧವೂ ಮರಳಲಿಲ್ಲ. ಚಿತ್ರಕಥೆಯಿಂದ ಆಕೆಯ ಬಾಳು ಸಾಗೀತೇ ಎಂಬ ತಮ್ಮನ ಚಿಂತೆಯು ತಪ್ಪೆಂದು ನಾವು ಹೇಳಲಾರೆವು. ಆಕೆಗೂ ಅದು ಗೊತ್ತು. ವಾರದಲ್ಲಿ ಮೂರು ದಿನ ಬೇರೆಯವರಿಗಾಗಿ ಚಿತ್ರ ಬರೆದು ಸಂಪಾದಿಸುತ್ತೇನೆಂದು ತಂದೆಗೆ ವಿವರವಾಗಿ ತಿಳಿಸಿದಳು. ಆತನು ಒಪ್ಪಿದನೆಂದು ಅಲ್ಲ; ಆದರೆ ಕೇಳಿದನು. ಹೊರಡುವಾಗ ಉಳಿದ ಪುಸ್ತಕಗಳಲ್ಲಿ 25ನ್ನು ಗಂಟು ಕಟ್ಟಿಸಿಕೊಂಡು, “ಬಬಲೇಶ್ವರದಾಗ ಸಾಲಿ ಹುಡುಗರು ಅದಾರ” ಎಂದನು. ಈಗ ಫೋನು ಬಂದರೆ ಹೊಲಕ್ಕೆ ಹೋಗುವುದುಂಟು; ಫೋನನ್ನು ಕಿವಿಗೆ ಹಿಡಿದುಕೊಂಡೇ ಹೋಗುತ್ತಾನೆ.

ಮಕ್ಕಳು ಹಿಡಿದ ದಾರಿಯೆಲ್ಲವೂ ಸರಿಯೆಂದು ನಮ್ಮ ಅಭಿಪ್ರಾಯವಲ್ಲ. ಅದನ್ನು ತೂಗಿ ನೋಡುವ ಮೊದಲು, ಅವರು ನಿಂತಿರುವ ಸ್ಥಳಕ್ಕೆ ಒಮ್ಮೆ ಹೋಗಿ ಅವರ ಬಳಿಯಲ್ಲಿ ಕುಳಿತುಕೊಳ್ಳಬೇಕೆಂಬುದಷ್ಟೇ ನಮ್ಮ ವಿನಂತಿ. ಅವರು ಮಾಡಿದುದನ್ನು ಕೈಯಲ್ಲಿ ಹಿಡಿದು ಪೂರ್ತಿಯಾಗಿ ನೋಡಬೇಕು. ತಪ್ಪು ಕಂಡರೆ ಹೇಳಬಹುದು. ನೋಡಿದವನು ಹೇಳಿದ ತಪ್ಪು ಮಕ್ಕಳಿಗೆ ಭಾರವಾಗುವುದಿಲ್ಲ. ನೋಡದವನ ಮೌನವೇ ಭಾರ.

ಮುಂದಿನ ಮುದ್ರಣದಲ್ಲಿ ಎತ್ತುಗಳನ್ನು ಇಳಿಜಾರಿನ ಕೆಳತುದಿಗೆ ಕಳುಹಿಸುವೆನೆಂದು ಹುಡುಗಿ ನಮಗೆ ಬರೆದಿದ್ದಾಳೆ.