ಬಿದ್ದಾಗಲೂ ಚಪ್ಪಾಳೆ: ವಿದ್ಯಾರ್ಥಿ ಸ್ಕೇಟರ್‌ಗಳ ಅಭಿಮಾನಿ ಬಳಗ

ಕ್ರಿಕೆಟ್ ಮೈದಾನದಲ್ಲಿ ಆಟಗಾರನೊಬ್ಬ ಸುಲಭದ ಕ್ಯಾಚ್ ಕೈಬಿಟ್ಟರೆ ಗ್ಯಾಲರಿಯಿಂದ ಎಂತೆಂಥ ಮಾತು ಬರುತ್ತದೆ ಎಂಬುದು ನಮಗೆಲ್ಲ ಗೊತ್ತು. ಫಿಗರ್ ಸ್ಕೇಟಿಂಗ್ ಅಂಗಳದಲ್ಲಿ ಇದಕ್ಕೆ ತದ್ವಿರುದ್ಧ. ಹಾರಿ ಮೂರು ಸುತ್ತು ತಿರುಗಿ ಇಳಿಯಬೇಕಾದ ಹುಡುಗಿ ಧೊಪ್ಪನೆ ಬಿದ್ದು, ಮೈಗೆ ಮೆತ್ತಿದ ಐಸ್ ಪುಡಿಯೊಡನೆ ಎದ್ದು ನಿಂತರೆ ಇಡೀ ಸಭಾಂಗಣ ಸಂಗೀತದ ತಾಳಕ್ಕೆ ಸರಿಯಾಗಿ ಚಪ್ಪಾಳೆ ತಟ್ಟಲು ಶುರುಮಾಡುತ್ತದೆ. ಆಕೆ ಯಾವ ದೇಶದವಳು ಎಂದು ಯಾರೂ ನೋಡುವುದಿಲ್ಲ. ‘ಆಯ್ತು, ಏಳು, ಮುಂದಕ್ಕೆ ಹೋಗು’ ಎನ್ನುವ ಚಪ್ಪಾಳೆ ಅದು.

ಈ ಗುಣ ಒಲಿಂಪಿಕ್ಸ್‌ನಲ್ಲೂ ಕಾಣುತ್ತದೆ. ಆದರೆ ಅದು ತುಂಬಿ ಹರಿಯುವುದು ವಿಶ್ವವಿದ್ಯಾಲಯ ವಿದ್ಯಾರ್ಥಿಗಳ ಜಾಗತಿಕ ಚಳಿಗಾಲದ ಕ್ರೀಡಾಕೂಟದಲ್ಲಿ. ಬಹುಕಾಲ ‘ಯೂನಿವರ್ಸಿಯಾಡ್’ ಎಂದೇ ಕರೆಸಿಕೊಂಡ ಈ ಕೂಟದ ಫಿಗರ್ ಸ್ಕೇಟಿಂಗ್ ನೋಡುವವರು ಪದಕಪಟ್ಟಿ ನೋಡಲು ಬರುವವರಲ್ಲ. ಅವರಿಗೆ ಬೇಕಾದದ್ದು ಬೇರೆ: ತಾವು ಮೆಚ್ಚಿದ ಸ್ಕೇಟರ್ ಇನ್ನೂ ಐಸ್ ಮೇಲೆ ಇದ್ದಾರೆಯೇ?

ಒಂದೇ ಹಾಡಿನ ಕೂಟ

ಚಳಿಗಾಲದ ಮೊದಲ ಯೂನಿವರ್ಸಿಯಾಡ್ ನಡೆದದ್ದು 1960ರಲ್ಲಿ, ಫ್ರಾನ್ಸಿನ ಶಾಮೊನಿಯಲ್ಲಿ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ನಡೆಯುವ ಈ ಕೂಟವನ್ನು ಅಂತರರಾಷ್ಟ್ರೀಯ ವಿಶ್ವವಿದ್ಯಾಲಯ ಕ್ರೀಡಾ ಒಕ್ಕೂಟ (ಫಿಸು) ನಡೆಸುತ್ತದೆ. ಈಗ ಇದರ ಹೆಸರು ವಿಶ್ವ ವಿಶ್ವವಿದ್ಯಾಲಯ ಕ್ರೀಡಾಕೂಟ. ಭಾಗವಹಿಸುವವರು ವಿಶ್ವವಿದ್ಯಾಲಯದಲ್ಲಿ ಓದುತ್ತಿರಬೇಕು ಅಥವಾ ಆಗಷ್ಟೇ ಪದವಿ ಮುಗಿಸಿರಬೇಕು. ವಯಸ್ಸಿನ ಮಿತಿ ಈಗ 17ರಿಂದ 25.

ವಿಜೇತರಿಗೆ ಅವರವರ ರಾಷ್ಟ್ರಗೀತೆಯ ಬದಲು ‘ಗೌದೆಯಾಮುಸ್’ ಎಂಬ ಹಳೆಯ ಲ್ಯಾಟಿನ್ ವಿದ್ಯಾರ್ಥಿ ಗೀತೆಯನ್ನು ನುಡಿಸುವುದು ಈ ಕೂಟದ ಹಳೆಯ ಸಂಪ್ರದಾಯ. ಗೆದ್ದವರು ಜಪಾನಿನವರಾಗಲಿ, ಇಟಲಿಯವರಾಗಲಿ, ಹಾಡು ಒಂದೇ. ಬೇರೆ ಬೇರೆ ದೇಶಗಳ ಅಭಿಮಾನಿಗಳು ಅಕ್ಕಪಕ್ಕ ಕುಳಿತು ಒಬ್ಬರ ಸ್ಕೇಟರ್‌ಗೆ ಇನ್ನೊಬ್ಬರು ಕೂಗುವ ವಾತಾವರಣಕ್ಕೆ ಇದೂ ಒಂದು ಕಾರಣವಿರಬಹುದು. ರಷ್ಯನ್ ಬಲ್ಲವರ ‘ದವಾಯ್’, ಜಪಾನಿಯರ ‘ಗಂಬಾ’, ಕಝಾಕರ ‘ಅಲ್ಗಾ’, ಎಲ್ಲದರ ಅರ್ಥವೂ ಹೆಚ್ಚುಕಡಿಮೆ ನಮ್ಮ ‘ನುಗ್ಗು, ಬಿಡಬೇಡ’ ಎಂಬುದೇ.

ಧಿಗಿಣ ಎಣಿಸುವವರು, ಅಭಿನಯ ನೋಡುವವರು

ಹಾಗೆಂದು ಈ ಅಭಿಮಾನಿಗಳು ಬರೀ ಭಾವುಕರು ಎಂದುಕೊಳ್ಳಬಾರದು. ಲೆಕ್ಕದಲ್ಲಿ ಬಲು ಚುರುಕು. ಸ್ಪರ್ಧೆ ಎರಡು ಭಾಗದಲ್ಲಿ ನಡೆಯುತ್ತದೆ: ಸುಮಾರು 2 ನಿಮಿಷ 40 ಸೆಕೆಂಡಿನ ಶಾರ್ಟ್ ಪ್ರೋಗ್ರಾಂ, 4 ನಿಮಿಷದ ಫ್ರೀ ಸ್ಕೇಟ್. ಪ್ರತಿ ಜಿಗಿತಕ್ಕೂ ಒಂದು ಮೂಲ ಅಂಕ. ಟೋ ಲೂಪ್ ಎಂಬ ಜಿಗಿತವನ್ನು ಮೂರು ಸುತ್ತು ಹಾಕಿದರೆ 4.2, ನಾಲ್ಕು ಸುತ್ತು ಹಾಕಿದರೆ 9.5. ಎಷ್ಟು ಚೆನ್ನಾಗಿ ಮಾಡಿದರು ಎಂಬುದನ್ನು ನೋಡಿ ತೀರ್ಪುಗಾರರು ಮೈನಸ್ 5ರಿಂದ ಪ್ಲಸ್ 5ರವರೆಗೆ ದರ್ಜೆ ಕೊಡುತ್ತಾರೆ. ಒಂದೊಂದು ದರ್ಜೆಗೂ ಮೂಲ ಅಂಕದ ಶೇ 10ರಷ್ಟು ಕೂಡುತ್ತದೆ ಅಥವಾ ಕಳೆಯುತ್ತದೆ. ನಾಲ್ಕು ಸುತ್ತು ಪೂರ್ತಿ ಹಾಕಿ ಬಿದ್ದವರಿಗೆ ಅರ್ಧ ಅಂಕ ಹೋಗಿ 4.75 ಉಳಿಯುತ್ತದೆ. ಬಿದ್ದದ್ದಕ್ಕೆ ಇನ್ನೊಂದು ಅಂಕ ಕಡಿತ. ಉಳಿದದ್ದು 3.75. ನೆಟ್ಟಗೆ ಮಾಡಿದ ಮೂರು ಸುತ್ತಿನ ಜಿಗಿತಕ್ಕೆ ಇದಕ್ಕಿಂತ ಹೆಚ್ಚು ಸಿಗುತ್ತದೆ. ಈ ಲೆಕ್ಕ ಅಭಿಮಾನಿಗಳ ನಾಲಗೆ ತುದಿಯಲ್ಲಿರುತ್ತದೆ. ಅಂಕ ಪರದೆಯ ಮೇಲೆ ಬರುವ ಮೊದಲೇ ಅವರ ಬಾಯಿಂದ ಬಂದಿರುತ್ತದೆ.

ಇದರ ಜೊತೆಗೆ ಸಂಯೋಜನೆ, ಪ್ರಸ್ತುತಿ, ಸ್ಕೇಟಿಂಗ್ ಕೌಶಲಗಳಿಗೆ ಬೇರೆ ಅಂಕ. ಜಗಳ ಹುಟ್ಟುವುದೇ ಇಲ್ಲಿ. ಮಳೆಗಾಲದಲ್ಲಿ ಊರಿನ ಯಕ್ಷಗಾನ ಕಲಾವಿದರು ಮುಂಬೈಗೆ ಬಂದಾಗ ಆಟ ಮುಗಿಸಿ ಲೋಕಲ್ ಟ್ರೈನ್ ಹತ್ತುವ ನಮ್ಮವರ ಮಾತು ನೆನಪಿಸಿಕೊಳ್ಳಿ. ‘ಎಷ್ಟು ಧಿಗಿಣ ಹಾಕಿದ ಮಾರಾಯ್ರೆ!’ ಎನ್ನುವವರು ಒಂದು ಕಡೆ. ‘ಧಿಗಿಣ ಇರಲಿ, ಪಾತ್ರ ಎಲ್ಲಿತ್ತು?’ ಎನ್ನುವವರು ಇನ್ನೊಂದು ಕಡೆ. ಸ್ಕೇಟಿಂಗ್ ಅಭಿಮಾನಿಗಳ ಎರಡು ಪಕ್ಷಗಳೂ ಥೇಟ್ ಹೀಗೆಯೇ. ನಾಲ್ಕು ಸುತ್ತಿನ ಜಿಗಿತಗಳನ್ನು ಎಣಿಸುವವರಿಗೆ ಅದೇ ಆಟ. ತೋಳಿನ ಒಂದು ಚಾಚು, ಸಂಗೀತಕ್ಕೆ ಕೂಡಿಬಂದ ಒಂದು ತಿರುವು ಸಾಕು ಎನ್ನುವವರಿಗೆ ಅದೇ ಕಲೆ. ವಿದ್ಯಾರ್ಥಿ ಕೂಟದಲ್ಲಿ ಎರಡನೆಯ ಪಕ್ಷದವರಿಗೆ ಸ್ವಲ್ಪ ಹೆಚ್ಚು ಸಂಭ್ರಮ. ಏಕೆಂದರೆ ಇಲ್ಲಿಗೆ ಬರುವವರು ಮಕ್ಕಳಲ್ಲ, ಬೆಳೆದವರು.

ಹದಿನೆಂಟಕ್ಕೇ ಹಳಬರು

ಈ ಕ್ರೀಡೆಯ ಕ್ರೌರ್ಯ ಇರುವುದು ವಯಸ್ಸಿನಲ್ಲಿ, ಅದರಲ್ಲೂ ಹುಡುಗಿಯರ ಮಟ್ಟಿಗೆ. ಮೈ ಹಗುರವಾಗಿದ್ದಾಗ ಗಾಳಿಯಲ್ಲಿ ತಿರುಗುವುದು ಸುಲಭ. ಎತ್ತರ, ತೂಕ ಬದಲಾಗುವ ವಯಸ್ಸಿನಲ್ಲಿ ನಿನ್ನೆ ಬಂದ ಜಿಗಿತ ಇಂದು ಬರುವುದಿಲ್ಲ. ರಷ್ಯಾದ ಎಲೆನಾ ರಾಡಿಯೊನೊವಾ 2013 ಮತ್ತು 2014ರಲ್ಲಿ ಸತತವಾಗಿ ಜೂನಿಯರ್ ವಿಶ್ವ ಚಾಂಪಿಯನ್. 2015ರಲ್ಲಿ, 16ರ ಹರೆಯದಲ್ಲಿ, ಹಿರಿಯರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದರು. ಆಮೇಲೆ ಎತ್ತರ ಬೆಳೆದರು. ತಮಗಿಂತ ಕಿರಿಯರು ಸಾಲುಗಟ್ಟಿ ಬಂದರು. 2017ರ ಯೂನಿವರ್ಸಿಯಾಡ್‌ನಲ್ಲಿ ಚಿನ್ನ ಗೆದ್ದಾಗ ಅವರಿಗೆ 18 ವರ್ಷ. ಬೇರೆ ಯಾವ ಕ್ಷೇತ್ರದಲ್ಲಾದರೂ ಅದು ಆರಂಭದ ವಯಸ್ಸು. ಇವರನ್ನು ಅಷ್ಟರಲ್ಲೇ ಹಳಬರ ಪಟ್ಟಿಗೆ ಸೇರಿಸಲಾಗಿತ್ತು.

ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ 2022ರಲ್ಲಿ ಹಿರಿಯರ ವಿಭಾಗದ ಕನಿಷ್ಠ ವಯಸ್ಸನ್ನು 15ರಿಂದ ಹಂತಹಂತವಾಗಿ 17ಕ್ಕೆ ಏರಿಸಲು ನಿರ್ಧರಿಸಿತು. ವಿದ್ಯಾರ್ಥಿ ಕೂಟದಲ್ಲಿ ಮೊದಲಿನಿಂದಲೂ ಇದ್ದದ್ದು ಇಂಥ ದೊಡ್ಡವರೇ. ಬೆಳಿಗ್ಗೆ ಐಸ್, ಮಧ್ಯಾಹ್ನ ತರಗತಿ, ನಡುವೆ ಗಾಯ, ಪರೀಕ್ಷೆ. ಇಷ್ಟನ್ನೂ ದಾಟಿ ಬಂದವರನ್ನು ಅಭಿಮಾನಿಗಳು ಎದ್ದು ನಿಂತು ಸ್ವಾಗತಿಸಿದರೆ ಆಶ್ಚರ್ಯವಿಲ್ಲ.

ಮರಳಿ ಬಂದವರು

ಜಪಾನಿನ ಅಕಿಕೊ ಸುಜುಕಿಯವರನ್ನು ನೋಡಿ. 2003ರಲ್ಲಿ ಸೆಂಡೈ ನಗರದ ವಿಶ್ವವಿದ್ಯಾಲಯಕ್ಕೆ ಸೇರಿ, ಮೊದಲ ಬಾರಿಗೆ ಮನೆ ಬಿಟ್ಟು ಒಂಟಿಯಾಗಿ ಬದುಕಲು ತೊಡಗಿದಾಗ ಅವರನ್ನು ಅನೊರೆಕ್ಸಿಯಾ, ಅಂದರೆ ಊಟವನ್ನೇ ದೂರವಿಡುವ ಕಾಯಿಲೆ ಹಿಡಿಯಿತು. ತೂಕ 32 ಕಿಲೋಗೆ ಇಳಿಯಿತು. ಒಂದು ಋತು ಪೂರ್ತಿ ಐಸ್‌ನಿಂದ ದೂರ ಉಳಿದರು. ನಡೆಯಲೂ ತ್ರಾಣವಿಲ್ಲದ ಸ್ಥಿತಿಯಿಂದ ನಿಧಾನವಾಗಿ ಮರಳಿ, 2007ರಲ್ಲಿ ಇಟಲಿಯ ಟೊರಿನೊದಲ್ಲಿ ನಡೆದ ಯೂನಿವರ್ಸಿಯಾಡ್‌ನಲ್ಲಿ ಚಿನ್ನ ಗೆದ್ದರು.

ಆಗ ಅವರಿಗೆ 21. ಅದು ಕೊನೆಯ ಗೆಲುವು ಎಂದುಕೊಂಡವರ ಲೆಕ್ಕ ತಪ್ಪಿತು. 2010 ಮತ್ತು 2014ರ ಒಲಿಂಪಿಕ್ಸ್‌ಗಳೆರಡರಲ್ಲೂ 8ನೆಯ ಸ್ಥಾನ. 2012ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು. 2013ರ ಡಿಸೆಂಬರಿನಲ್ಲಿ, 28ರ ವಯಸ್ಸಿನಲ್ಲಿ, ಮೊದಲ ಬಾರಿಗೆ ಜಪಾನಿನ ರಾಷ್ಟ್ರೀಯ ಚಾಂಪಿಯನ್. ಆ ದಾರಿಯ ಮೊದಲ ದೊಡ್ಡ ಮೆಟ್ಟಿಲು ವಿದ್ಯಾರ್ಥಿ ಕೂಟದ್ದು. ತನ್ನ ಕಾಯಿಲೆಯ ಬಗ್ಗೆ ಅವರು ಮುಚ್ಚುಮರೆಯಿಲ್ಲದೆ ಮಾತಾಡಿದ್ದರಿಂದ, ಅವರ ನಗುಮುಖದ ಸ್ಕೇಟಿಂಗ್ ನೋಡುವವರಿಗೆ ಆ ನಗುವಿನ ಬೆಲೆಯೂ ತಿಳಿದಿರುತ್ತಿತ್ತು.

ಅದೇ ದೇಶದ ಮಾಯ್ ಮಿಹಾರ 2015ರ ಡಿಸೆಂಬರಿನಲ್ಲಿ ಜೂನಿಯರ್ ಗ್ರ್ಯಾನ್ ಪ್ರಿ ಫೈನಲ್ ಮುಗಿಸಿ ಬಂದದ್ದೇ ಆಸ್ಪತ್ರೆ ಸೇರಿದರು. ಹದಿಹರೆಯದ ಕೀಲುವಾತ. ಕೀಲು ನೋವಿನವರಿಗೆ ಚಳಿಯೇ ಶತ್ರು. ಇವರ ಕೆಲಸವೋ ಐಸ್ ಮೇಲೆ. ಆದರೂ 2017ರಲ್ಲಿ ಫೋರ್ ಕಾಂಟಿನೆಂಟ್ಸ್ ಚಾಂಪಿಯನ್ ಆದರು. 2019ರ ಮಾರ್ಚ್‌ನಲ್ಲಿ ಸೈಬೀರಿಯಾದ ಕ್ರಾಸ್ನೊಯಾರ್ಸ್ಕ್‌ನಲ್ಲಿ ನಡೆದ ಯೂನಿವರ್ಸಿಯಾಡ್‌ನಲ್ಲಿ ಚಿನ್ನ. ಮರುವರ್ಷವೇ ಆರೋಗ್ಯ ಕೈಕೊಟ್ಟು ಇಡೀ ಋತು ತಪ್ಪಿಹೋಯಿತು. ಆಮೇಲೆ ಮತ್ತೆ ಬಂದರು. 2022ರಲ್ಲಿ ಟೊರಿನೊದಲ್ಲೇ ಗ್ರ್ಯಾನ್ ಪ್ರಿ ಫೈನಲ್ ಗೆದ್ದರು. ಇಂಥವರ ಅಭಿಮಾನಿಯಾಗುವುದೆಂದರೆ ಕಾಯುವುದು ಕಲಿಯುವುದು. ಸ್ಪರ್ಧಿಗಳ ಪಟ್ಟಿಯಲ್ಲಿ ಹೆಸರು ಕಂಡರೇ ಅರ್ಧ ಹಬ್ಬ.

ಅಲ್ಮಾಟಿಯ ಡೆನಿಸ್

ವಿದ್ಯಾರ್ಥಿ ಕೂಟದ ಅಭಿಮಾನಿಗಳ ನೆನಪಿನಲ್ಲಿ ಹೆಚ್ಚು ನೋವಿನ ಜಾಗ ಕಝಾಕಿಸ್ತಾನದ ಅಲ್ಮಾಟಿ. ನಮ್ಮ ಮಹಾನಗರಗಳ ಕನ್ನಡಿಗರಿಗೂ ಈ ಊರು ಈಗ ಅಪರಿಚಿತವಲ್ಲ. ದೆಹಲಿಯಿಂದ ನೇರ ವಿಮಾನವಿದೆ. ರಜೆಗೆ ಹೋಗಿಬಂದವರ ಫೋಟೊಗಳಲ್ಲಿ 1,691 ಮೀಟರ್ ಎತ್ತರದ ಮೆದೆವು ಐಸ್ ಅಂಗಳ ಇದ್ದೇ ಇರುತ್ತದೆ.

2017ರ ಚಳಿಗಾಲದಲ್ಲಿ ಯೂನಿವರ್ಸಿಯಾಡ್ ಈ ಊರಿಗೆ ಬಂದಾಗ ಊರಿನ ಮಗ ಡೆನಿಸ್ ಟೆನ್‌ಗೆ 23 ವರ್ಷ. ಕೊರಿಯನ್ ಮೂಲದ ಕುಟುಂಬ. ಬಾಲ್ಯದಲ್ಲಿ ಅಲ್ಮಾಟಿಯ ಬಯಲು ಐಸ್ ಮೇಲೆ ಸ್ಕೇಟಿಂಗ್ ಕಲಿತವರು. ಮಾಸ್ಕೊಗೆ, ಅಲ್ಲಿಂದ ಕ್ಯಾಲಿಫೋರ್ನಿಯಾಕ್ಕೆ ಹೋಗಿ ತರಬೇತಿ ಪಡೆದು, 2013ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ, 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದರು. ಫಿಗರ್ ಸ್ಕೇಟಿಂಗ್‌ನಲ್ಲಿ ಕಝಾಕಿಸ್ತಾನಕ್ಕೆ ಅದು ಮೊದಲ ಒಲಿಂಪಿಕ್ ಪದಕ. ಹುಟ್ಟೂರಿನಲ್ಲಿ ಐಸ್ ಶೋ ನಡೆಸಿ ಜಗತ್ತಿನ ಹೆಸರಾಂತ ಸ್ಕೇಟರ್‌ಗಳನ್ನು ಅಲ್ಲಿಗೆ ಕರೆತಂದವರೂ ಅವರೇ. ದೂರದೇಶದಲ್ಲಿ ಕಲಿತು, ಗೆದ್ದದ್ದನ್ನು ಊರಿಗೆ ತಂದು ತೋರಿಸುವ ಆಸೆ ವಲಸೆ ಬಂದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಗಾಯಗಳಿಂದ ಬಳಲಿದ್ದರೂ ಆ ಯೂನಿವರ್ಸಿಯಾಡ್‌ನಲ್ಲಿ ತಮ್ಮವರ ಎದುರೇ ಚಿನ್ನ ಗೆದ್ದರು.

ಮರುವರ್ಷ, 2018ರ ಜುಲೈ 19ರಂದು, ಅದೇ ಅಲ್ಮಾಟಿಯ ಬೀದಿಯಲ್ಲಿ ತಮ್ಮ ಕಾರಿನ ಕನ್ನಡಿ ಕದಿಯುತ್ತಿದ್ದವರನ್ನು ತಡೆಯಲು ಹೋದ ಡೆನಿಸ್ ಇರಿತಕ್ಕೊಳಗಾಗಿ ತೀರಿಕೊಂಡರು. 25 ವರ್ಷ. ಒಂದು ಜೊತೆ ಕಾರಿನ ಕನ್ನಡಿಗಾಗಿ.

ಅಂತಿಮ ದರ್ಶನಕ್ಕೆ ಸಾವಿರಾರು ಜನ ಬಂದರು. ಇರಿತವಾದ ಬೀದಿಮೂಲೆಯಲ್ಲಿ ಹೂವು ರಾಶಿ ಬಿತ್ತು. ದುಃಖ ಸಿಟ್ಟಾಗಿ ತಿರುಗಿತು. ಹಾಡುಹಗಲೇ ಇಂಥದ್ದು ನಡೆಯುವುದಾದರೆ ಪೊಲೀಸರು ಏನು ಮಾಡುತ್ತಿದ್ದಾರೆ ಎಂದು ಜನ ಕೇಳಿದರು. ಒಳಾಡಳಿತ ಸಚಿವರ ರಾಜೀನಾಮೆಗೆ ಒತ್ತಾಯ ಎದ್ದಿತು, ಪೊಲೀಸ್ ಸುಧಾರಣೆಯ ಕೂಗು ಬಲವಾಯಿತು. ಸ್ಕೇಟರ್‌ನ ಅಭಿಮಾನ ಊರಿನ ಪ್ರಶ್ನೆಯಾದದ್ದು ಹೀಗೆ. 2019ರಿಂದ ಕಝಾಕಿಸ್ತಾನದಲ್ಲಿ ಡೆನಿಸ್ ಟೆನ್ ಸ್ಮಾರಕ ಸ್ಪರ್ಧೆ ನಡೆಯುತ್ತ ಬಂದಿದೆ. ಅಲ್ಮಾಟಿಯವರೇ ಆದ ಮಿಖಾಯಿಲ್ ಶಾಯ್ದೊರೊವ್ 2025ರಲ್ಲಿ ಬಾಸ್ಟನ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಗೆದ್ದಾಗ ಹಳೆಯ ಅಭಿಮಾನಿಗಳಿಗೆ ಮೊದಲು ನೆನಪಾಗುವ ಹೆಸರು ಯಾವುದೆಂದು ಹೇಳಬೇಕಿಲ್ಲ.

ನಡೆಯದೆ ಹೋದ ಕೂಟ

ಇನ್ನೊಂದು ನೋವು ಸದ್ದಿಲ್ಲದ್ದು. ಸ್ವಿಟ್ಜರ್‌ಲೆಂಡಿನ ಲೂಸರ್ನ್‌ನಲ್ಲಿ 2021ರ ಜನವರಿಯಲ್ಲಿ ನಡೆಯಬೇಕಿದ್ದ ಕೂಟ ಕೋವಿಡ್‌ನಿಂದಾಗಿ ಡಿಸೆಂಬರಿಗೆ ಹೋಯಿತು. ಉದ್ಘಾಟನೆಗೆ ಎರಡು ವಾರವೂ ಇಲ್ಲದಿರುವಾಗ, ಓಮಿಕ್ರಾನ್ ಭಯದ ನಡುವೆ, ಪೂರ್ತಿ ರದ್ದಾಯಿತು. ಒಲಿಂಪಿಕ್ಸ್ ಮುಂದಕ್ಕೆ ಹೋದರೆ ಆಟಗಾರರು ಕಾಯಬಹುದು. ವಿದ್ಯಾರ್ಥಿಗೆ ಆ ಸೌಕರ್ಯವಿಲ್ಲ. ಪದವಿ ಮುಗಿಯುತ್ತದೆ, 25 ದಾಟುತ್ತದೆ, ಬಾಗಿಲು ಮುಚ್ಚುತ್ತದೆ. ಮುಂದಿನ ಕೂಟ 2023ರ ಜನವರಿಯಲ್ಲಿ ಅಮೆರಿಕದ ಲೇಕ್ ಪ್ಲಾಸಿಡ್‌ನಲ್ಲಿ ನಡೆಯುವ ಹೊತ್ತಿಗೆ ಕೆಲವರು ಸ್ಕೇಟಿಂಗ್ ಬಿಟ್ಟೇ ಬಿಟ್ಟಿದ್ದರು. ಅವರ ಹೆಸರು ಯಾವ ದಾಖಲೆಯಲ್ಲೂ ಇಲ್ಲ; ಇದ್ದರೆ ಅಭಿಮಾನಿಗಳ ನೆನಪಿನಲ್ಲಿ ಮಾತ್ರ.

ನಾವೂ ನೋಡಬಹುದು

ನಮ್ಮಲ್ಲಿ ಈ ಕ್ರೀಡೆಗೆ ನೆಲೆ ಕಡಿಮೆ. ಡೆಹ್ರಾಡೂನಿನಲ್ಲಿ 2011ರಲ್ಲಿ ಕಟ್ಟಿದ ಹಿಮಾದ್ರಿ ಐಸ್ ರಿಂಕ್ ವರ್ಷಗಟ್ಟಲೆ ಬೀಗ ಹಾಕಿಸಿಕೊಂಡು 2025ರಲ್ಲಿ ಮತ್ತೆ ಜೀವ ಪಡೆದಿದೆ. ಮುಂಬೈ, ಪುಣೆ, ಚೆನ್ನೈಗಳಲ್ಲಿ ಮಕ್ಕಳು ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗದಲ್ಲಿ ಚಕ್ರದ ಸ್ಕೇಟ್ ಕಟ್ಟಿಕೊಂಡು ಓಡುತ್ತಾರೆ, ಅಷ್ಟೆ. ಆದರೆ ನೋಡಲು ಐಸ್ ಬೇಕಾಗಿಲ್ಲ. ಫಿಸು ಒಕ್ಕೂಟದ ಸ್ವಂತ ಇಂಟರ್‌ನೆಟ್ ವಾಹಿನಿ ಇದೆ.

2025ರ ಕೂಟ ಟೊರಿನೊದಲ್ಲಿ ನಡೆಯಿತು. ಮುಂದಿನದು 2027ರಲ್ಲಿ ಚೀನಾದ ಚಾಂಗ್‌ಚುನ್‌ನಲ್ಲಿ. ಆ ಊರಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ, ಆದ್ದರಿಂದ ಅಲ್ಲಿಯ ಸಂಜೆಯ ಸ್ಪರ್ಧೆ ಇಲ್ಲಿ ಚಹಾದ ಹೊತ್ತಿಗೆ ಸಿಗುತ್ತದೆ. ಮಕ್ಕಳನ್ನೂ ಕೂರಿಸಿಕೊಂಡು ನೋಡಿ. ಅಂಕದ ಲೆಕ್ಕ ಅರ್ಥವಾಗದಿದ್ದರೆ ಚಿಂತೆಯಿಲ್ಲ. ಯಾರಾದರೂ ಬಿದ್ದಾಗ ಮುಂದೇನಾಗುತ್ತದೆ ಎಂದು ಕಿವಿಗೊಟ್ಟು ಕೇಳಿ. ಶೇಕಡಾ ತೊಂಬತ್ತೆಂಟು ಬಂದರೂ ಉಳಿದ ಎರಡು ಎಲ್ಲಿ ಹೋಯಿತು ಎಂದು ಮಕ್ಕಳನ್ನು ಕೇಳುವ ನಮ್ಮ ಮನೆಗಳಿಗೆ ಆ ಚಪ್ಪಾಳೆಯ ಸದ್ದು ಬೇಕಾಗಿದೆ.