ಎಬ್ಬಿಸಿ ನಡೆಸುವ ಕಸುಬು

ಪಾರ್ಶ್ವವಾಯು ಬಡಿದವರು, ಸೊಂಟದ ಮೂಳೆ ಮುರಿದವರು, ಮಂಡಿ ಶಸ್ತ್ರಚಿಕಿತ್ಸೆ ಆದವರು ಮತ್ತೆ ಓಡಾಡುವ ತನಕ ಅವರನ್ನು ಹೊರಳಿಸಿ, ಕೂರಿಸಿ, ನಡೆಸುವ ಕೆಲಸ ಫಿಸಿಯೋಥೆರಪಿ ಸಹಾಯಕರದು. ರೋಗಿಯನ್ನು ಪರೀಕ್ಷಿಸಿ ಚಿಕಿತ್ಸೆ ನಿರ್ಧರಿಸುವವರು ಫಿಸಿಯೋಥೆರಪಿಸ್ಟ್. ಅವರ ಮೇಲ್ವಿಚಾರಣೆಯಲ್ಲಿ ಅದನ್ನು ಮಾಡಿಸುವವರು ಸಹಾಯಕರು. ಅಮೆರಿಕದಲ್ಲಿ ಇದಕ್ಕೆಂದೇ ಕಲಿತ ಮೊದಲ ತಂಡ ಹೊರಬಂದದ್ದು 1969ರಲ್ಲಿ. ನಮ್ಮಲ್ಲಿ ಈ ಕೆಲಸ ನರ್ಸ್, ಅಟೆಂಡರ್, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಮತ್ತು ಮನೆಮಂದಿಯ ನಡುವೆ ಹಂಚಿಹೋಗಿದೆ.

ಕೋಲಾರ ಜಿಲ್ಲೆಯನ್ನೇ ನೋಡಿ. ಕೋಲಾರ ನಗರದಲ್ಲಿ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ ಇದೆ. ಟಮಕದಲ್ಲಿ ಆರ್.ಎಲ್. ಜಾಲಪ್ಪ ಆಸ್ಪತ್ರೆ, ಅದಕ್ಕೆ ಹೊಂದಿಕೊಂಡು 1986ರಲ್ಲಿ ಆರಂಭವಾದ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜು ಇವೆ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಹೆದ್ದಾರಿ ಅಪಘಾತ, ಮಾವಿನ ಮರದಿಂದ ಬೀಳುವುದು, ಇಟ್ಟಿಗೆ–ಹಂಚಿನ ಕೆಲಸದಲ್ಲಿ ಬೆನ್ನು ಹಿಡಿಯುವುದು ಈ ಸೀಮೆಯ ದುಡಿಮೆಯ ಜೊತೆಗೇ ಬರುವ ಅಪಾಯಗಳು. ಅಂತರ್ಜಲದ ಫ್ಲೋರೈಡ್‌ನಿಂದ ಬೆನ್ನು, ಮಂಡಿ ಬಿಗಿದವರೂ ಇಲ್ಲಿದ್ದಾರೆ. ಆಸ್ಪತ್ರೆಯ ವಾಸ ಕೆಲವು ದಿನಗಳದು; ಚೇತರಿಕೆಯ ತಿಂಗಳುಗಳು ಕಳೆಯುವುದು ಹಳ್ಳಿಯಲ್ಲೇ.

ಸಹಾಯಕರ ಕಲಿಕೆ ಶುರುವಾಗುವುದು ಕೈ ತೊಳೆಯುವುದರಿಂದ. ಸೋಪು ಹಚ್ಚಿ ಬೆರಳ ಸಂದು, ಉಗುರು, ಹೆಬ್ಬೆರಳ ಬುಡ ಉಜ್ಜಿ ತೊಳೆಯಲು 40ರಿಂದ 60 ಸೆಕೆಂಡ್ ಬೇಕು. ರೋಗಿಯನ್ನು ಮುಟ್ಟುವ ಮುನ್ನ ಏನು ಮಾಡುತ್ತೇವೆಂದು ಹೇಳಿ ಒಪ್ಪಿಗೆ ಪಡೆಯಬೇಕು. ಪರದೆ ಎಳೆದು ಮರ್ಯಾದೆ ಕಾಯಬೇಕು. ಮುಳಬಾಗಿಲು, ಶ್ರೀನಿವಾಸಪುರಗಳ ಕಡೆ ಎಷ್ಟೋ ಮನೆಗಳ ಮಾತು ತೆಲುಗು. ‘ಒಂದು, ಎರಡು, ಮೂರು’ ಎಂದು ಎಣಿಸಿ ಎಬ್ಬಿಸುವಾಗ ‘ಒಕಟಿ, ರೆಂಡು, ಮೂಡು’ ಎಂದರೆ ಅಂಥವರ ದೇಹ ಬೇಗ ಸಜ್ಜಾಗುತ್ತದೆ.

ಮುಂದಿನ ಪಾಠ ನಾಡಿ, ಉಸಿರು, ರಕ್ತದೊತ್ತಡ. ಆರಾಮವಾಗಿರುವ ವಯಸ್ಕರ ನಾಡಿ ನಿಮಿಷಕ್ಕೆ 60ರಿಂದ 100, ಉಸಿರು 12ರಿಂದ 20. ವ್ಯಾಯಾಮಕ್ಕೆ ಮುನ್ನ ಮತ್ತು ನಂತರ ಇವನ್ನು ನೋಡಿ ಬರೆದಿಡಬೇಕು. ಎದೆನೋವು, ತಲೆಸುತ್ತು, ತಣ್ಣನೆಯ ಬೆವರು ಕಂಡರೆ ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು.

ಹಾಸಿಗೆ ಹಿಡಿದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಬಾಲದ ಮೂಳೆ, ಹಿಮ್ಮಡಿ, ಸೊಂಟದ ಪಕ್ಕದ ಚರ್ಮ ಕೆಂಪಾಗಿದ್ದರೆ ಅದು ಹುಣ್ಣಿನ ಮೊದಲ ಸೂಚನೆ. ಅದನ್ನು ತಿಕ್ಕಬಾರದು, ಅಲ್ಲಿನ ಒತ್ತಡ ತಪ್ಪಿಸಬೇಕು. ಸ್ವಾಧೀನ ಇಲ್ಲದ ಕೈಕಾಲುಗಳ ಕೀಲುಗಳನ್ನು ನಿಧಾನವಾಗಿ, ನೋವಿನ ಗಡಿ ದಾಟದಂತೆ ಆಡಿಸಬೇಕು. ಫ್ಲೋರೈಡ್‌ನಿಂದ ಬಿಗಿದ ಕೀಲನ್ನು ಬಲವಂತವಾಗಿ ಬಗ್ಗಿಸುವುದು ಅಪಾಯ.

ಹೆಚ್ಚು ಅಭ್ಯಾಸ ಬೇಡುವುದು ಮಂಚದಿಂದ ವೀಲ್‌ಚೇರ್‌ಗೆ ದಾಟಿಸುವ ವಿದ್ಯೆ. ಪಾರ್ಶ್ವವಾಯು ಆದವರಿಗೆ ಕುರ್ಚಿಯನ್ನು ಅವರ ಬಲವಿರುವ ಪಕ್ಕಕ್ಕೆ, ಮಂಚಕ್ಕೆ ಓರೆಯಾಗಿ ಇಡುತ್ತಾರೆ. ಬ್ರೇಕ್ ಹಾಕಿ, ಕಾಲಿಡುವ ಹಲಗೆಯನ್ನು ಸರಿಸುತ್ತಾರೆ. ರೋಗಿ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಸ್ವಲ್ಪ ಹೊತ್ತು ಕೂರಬೇಕು; ಒಮ್ಮೆಲೇ ಎದ್ದರೆ ರಕ್ತದೊತ್ತಡ ಕುಸಿದು ಕಣ್ಣು ಕತ್ತಲಿಡಬಹುದು. ಸಹಾಯಕರು ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗಿಟ್ಟು, ರೋಗಿಗೆ ಕಟ್ಟಿದ ಸೊಂಟಪಟ್ಟಿ ಹಿಡಿದು, ಅವರ ದುರ್ಬಲ ಮಂಡಿ ಕುಸಿಯದಂತೆ ತಮ್ಮ ಮಂಡಿಯಿಂದ ತಡೆಯುತ್ತಾರೆ. ಸ್ವಾಧೀನ ತಪ್ಪಿದ ಕೈಯನ್ನು ಹಿಡಿದೆಳೆದರೆ ಭುಜದ ಕೀಲು ಜಾರಬಹುದು. ಮನೆಗಳಲ್ಲಿ ಸುಲಭವಾಗಿ ಆಗಿಬಿಡುವ ತಪ್ಪು ಇದು. ರೋಗಿ ತಾನೇ ಮಾಡಬಲ್ಲಷ್ಟನ್ನು ಮಾಡಲು ಬಿಟ್ಟು, ಉಳಿದಷ್ಟಕ್ಕೆ ಮಾತ್ರ ನೆರವಾಗುವುದೇ ಈ ವಿದ್ಯೆಯ ತಿರುಳು.

ನಡೆಸುವಾಗ ದುರ್ಬಲ ಪಕ್ಕದಲ್ಲಿ, ತುಸು ಹಿಂದೆ ನಿಲ್ಲಬೇಕು. ಊರುಗೋಲು ಬಲವಿರುವ ಕೈಯಲ್ಲಿರಬೇಕು. ಅದರ ಹಿಡಿ ಇಳಿಬಿಟ್ಟ ಕೈಯ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಎತ್ತರದ ಹೊಸ್ತಿಲು, ಒದ್ದೆ ಬಚ್ಚಲು, ಕುಕ್ಕರುಗಾಲಲ್ಲಿ ಕೂರುವ ಶೌಚಾಲಯ ಇರುವ ಮನೆಗಳಿಗೆ ತಕ್ಕಂತೆ ಈ ಅಭ್ಯಾಸ ನಡೆಯಬೇಕು.

ಫಿಸಿಯೋಥೆರಪಿಯೂ ಸೇರಿದಂತೆ ಇಂಥ ವೃತ್ತಿಗಳ ಶಿಕ್ಷಣ, ನೋಂದಣಿಗೆ 2021ರ ಕೇಂದ್ರ ಕಾಯ್ದೆ ಚೌಕಟ್ಟು ಹಾಕಿದೆ. ಅದರ ಫಲ ಹಳ್ಳಿಗೆ ತಲುಪುವವರೆಗೆ ಮನೆಯವರೇ ಸಹಾಯಕರು. ಡಿಸ್ಚಾರ್ಜ್‌ಗೆ ಮುನ್ನ ಮನೆಯವರೊಬ್ಬರು ಫಿಸಿಯೋಥೆರಪಿಸ್ಟ್ ಎದುರಿನಲ್ಲೇ ರೋಗಿಯನ್ನು ಎಬ್ಬಿಸಿ, ಕೂರಿಸಿ, ನಡೆಸಿ ತೋರಿಸಬೇಕು; ತಪ್ಪಿದ್ದರೆ ತಿದ್ದಿಸಿಕೊಂಡೇ ಊರಿನ ಬಸ್ಸು ಹತ್ತಬೇಕು.