ಮನೆಗೊಂದು ಗಣಕಯಂತ್ರ: ಪ್ರೊಸೆಸರಿಗಿಂತ ಮೊದಲು ಮದರ್‌ಬೋರ್ಡ್ ನೋಡಿ

ದೇಹೂ ರೋಡ್ ಪರಿಸರದಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ, ಮಕ್ಕಳು ಕಾಲೇಜಿನ ಮೆಟ್ಟಿಲೇರಿದೊಡನೆ ಗಣಕಯಂತ್ರದ ಮಾತು ಏಳುವುದು ಸಹಜ. ಲೋಕಲ್ ರೈಲು ಹಿಡಿದು ಪುಣೆಯ ಅಂಗಡಿಗೆ ಹೋದರೆ ಮೊದಲು ಕೇಳಿಬರುವುದು ಪ್ರೊಸೆಸರಿನ ಹೆಸರು. ಆದರೆ ಮಿತವ್ಯಯದಲ್ಲಿ ಕೊಳ್ಳುವವರು ಮೊದಲು ವಿಚಾರಿಸಬೇಕಾದುದು ಮದರ್‌ಬೋರ್ಡನ್ನು ಎಂಬುದು ನಮ್ಮ ಅಭಿಪ್ರಾಯ.

ಕಾರಣ ಸರಳವಾದುದು. ಪ್ರೊಸೆಸರ್ ಕೂರುವ ಸಾಕೆಟ್ ಮದರ್‌ಬೋರ್ಡಿನ ಮೇಲಿರುತ್ತದೆ. ಯಾವ ರ‍್ಯಾಮ್ ಹಾಕಬಹುದು, ಮುಂದೆ ಯಾವ ಪ್ರೊಸೆಸರಿಗೆ ಬಡ್ತಿ ಪಡೆಯಬಹುದು ಎಂಬುದನ್ನು ನಿರ್ಧರಿಸುವುದೂ ಅದೇ. 2017ರ ಎರಡು ಉದಾಹರಣೆಗಳನ್ನು ನೋಡೋಣ. ಆ ವರ್ಷ ಎಎಂಡಿ ಸಂಸ್ಥೆಯ ಎಎಂ4 ಬೋರ್ಡ್ ಕೊಂಡವರಲ್ಲಿ ಹಲವರು, ಬಯೋಸ್ ನವೀಕರಿಸಿಕೊಂಡು 2022ರ ರೈಜೆನ್ ಪ್ರೊಸೆಸರನ್ನು ಅದೇ ಬೋರ್ಡಿನಲ್ಲಿ ಕೂರಿಸಿದರು. ಅದೇ ವರ್ಷ ಇಂಟೆಲ್‌ನ 7ನೆಯ ಪೀಳಿಗೆಯ ಬೋರ್ಡ್ ಕೊಂಡವರಿಗೆ ಆ ಭಾಗ್ಯವಿರಲಿಲ್ಲ. ಕೆಲವೇ ತಿಂಗಳ ನಂತರ ಬಂದ 8ನೆಯ ಪೀಳಿಗೆಯ ಸಾಕೆಟ್ಟಿಗೂ 1151 ಎಂಬುದೇ ಹೆಸರಾಗಿದ್ದರೂ ಹಳೆಯ ಬೋರ್ಡಿನಲ್ಲಿ ಆ ಪ್ರೊಸೆಸರ್ ನಡೆಯಲಿಲ್ಲ.

ಮಿತವ್ಯಯದ ಖರೀದಿದಾರರ ಮುಂದೆ ಮುಖ್ಯವಾಗಿ ಮೂರು ದಾರಿಗಳಿವೆ. ಮೊದಲನೆಯದು ಎಎಂ4. ಇದಕ್ಕೆ ಡಿಡಿಆರ್4 ರ‍್ಯಾಮ್ ಸಾಕು. 2021ರ ರೈಜೆನ್ 5 5600ಜಿ ಪ್ರೊಸೆಸರಿನಲ್ಲಿ 6 ಕೋರ್‌ಗಳ ಜೊತೆಗೆ ಗ್ರಾಫಿಕ್ಸ್ ಕೂಡ ಅಡಕವಾಗಿದೆ. ಆದರೆ ರೈಜೆನ್ 7000 ಸರಣಿ ಮತ್ತು ಅದರ ನಂತರದವು ಈ ಸಾಕೆಟ್ಟಿನಲ್ಲಿ ಕೂರುವುದಿಲ್ಲ. ಎರಡನೆಯದು ಇಂಟೆಲ್‌ನ ಎಲ್‌ಜಿಎ 1700. ಇದರಲ್ಲಿ 12, 13, 14ನೆಯ ಪೀಳಿಗೆಗಳು ನಡೆಯುತ್ತವೆ. 4 ಕೋರ್‌ಗಳ ಐ3-12100 ಮನೆಬಳಕೆಗೆ ಉತ್ತಮವಾದುದು. ಇಲ್ಲಿ ಡಿಡಿಆರ್4 ಬೋರ್ಡ್‌ಗಳೂ ಡಿಡಿಆರ್5 ಬೋರ್ಡ್‌ಗಳೂ ಬೇರೆ ಬೇರೆಯಾಗಿವೆ. ಒಂದರ ರ‍್ಯಾಮ್ ಇನ್ನೊಂದರಲ್ಲಿ ಕೂರದು. ಮೂರನೆಯದು 2022ರಲ್ಲಿ ಬಂದ ಎಎಂ5. ಇದಕ್ಕೆ ಡಿಡಿಆರ್5 ಮಾತ್ರ ಆಗುತ್ತದೆ. 2027 ಹಾಗೂ ಅದರಾಚೆಗೂ ಈ ಸಾಕೆಟ್ಟನ್ನು ಮುಂದುವರಿಸುವುದಾಗಿ ಎಎಂಡಿ ಘೋಷಿಸಿದೆ. ನಾಲ್ಕಾರು ವರ್ಷಗಳ ನಂತರ ಪ್ರೊಸೆಸರ್ ಮಾತ್ರ ಬದಲಿಸುವ ಯೋಚನೆಯಿರುವವರಿಗೆ ಇದು ಯೋಗ್ಯ.

ಹಾಗಾದರೆ ಎಲ್ಲರೂ ಎಎಂ5 ಕೊಳ್ಳಬೇಕೆ? ಹಾಗೇನಿಲ್ಲ. ಕೃತಕ ಬುದ್ಧಿಮತ್ತೆಯ ಕೇಂದ್ರಗಳ ಬೇಡಿಕೆಯಿಂದಾಗಿ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ತೀವ್ರವಾಗಿ ಏರಿತು. ಆದ್ದರಿಂದ ಪ್ರೊಸೆಸರ್, ಬೋರ್ಡ್, ರ‍್ಯಾಮ್ ಈ ಮೂರರ ಬೆಲೆಯನ್ನು ಕೂಡಿಸಿಯೇ ಹೋಲಿಸಬೇಕು. ಹಳೆಯ ಗಣಕದಲ್ಲಿ ಡಿಡಿಆರ್4 ರ‍್ಯಾಮ್ ಇದ್ದರೆ ಅದನ್ನೇ ಉಳಿಸಿಕೊಳ್ಳುವ ದಾರಿ ಜಾಣತನದ್ದು. ನುಡಿ, ಬರಹ ತಂತ್ರಾಂಶಗಳಲ್ಲಿ ಕನ್ನಡ ಬರೆಯಲು, ಮಕ್ಕಳ ಪಾಠಕ್ಕೆ, ಪ್ರೋಗ್ರಾಮಿಂಗ್ ಕಲಿಕೆಗೆ ಮೊದಲ ಎರಡು ದಾರಿಗಳೂ ಧಾರಾಳವಾಗಿ ಸಾಕು.

ಇನ್ನೊಂದು ಮಾತು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತೆಂದು ಹಳೆಯ ಗಣಕವನ್ನು ಕೂಡಲೇ ಗುಜರಿಗೆ ಹಾಕಬೇಡಿ. ಇಂಟೆಲ್ 8ನೆಯ ಪೀಳಿಗೆ ಅಥವಾ ರೈಜೆನ್ 2000 ಸರಣಿಯಿಂದೀಚಿನದಾದರೆ ಸಾಮಾನ್ಯವಾಗಿ ವಿಂಡೋಸ್ 11 ನಡೆಯುತ್ತದೆ. ಅದಕ್ಕೆ ಬೇಕಾದ ಟಿಪಿಎಂ ಸೌಲಭ್ಯ ಎಷ್ಟೋ ಬೋರ್ಡ್‌ಗಳಲ್ಲಿ ಇದ್ದೂ ಬಯೋಸಿನಲ್ಲಿ ಮುಚ್ಚಿರುತ್ತದೆ, ತೆರೆದರಾಯಿತು. ಮೊದಲ ಪೀಳಿಗೆಯ ರೈಜೆನ್ ಇರುವವರು, ಬೋರ್ಡ್ ಒಪ್ಪುವುದಾದರೆ, ಪ್ರೊಸೆಸರನ್ನಷ್ಟೇ ಬದಲಿಸಿದರೂ ಸಾಕಾಗಬಹುದು.

ಅಂಗಡಿಯಲ್ಲಿ ಮೂರು ಸಂಗತಿಗಳನ್ನು ಮರೆಯಬಾರದು. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಗೆ ‘ಎಫ್’ ಇದ್ದರೆ ಅದರಲ್ಲಿ ಗ್ರಾಫಿಕ್ಸ್ ಇರುವುದಿಲ್ಲ. ಪ್ರತ್ಯೇಕ ಕಾರ್ಡ್ ಕೊಳ್ಳದಿದ್ದರೆ ಪರದೆಯ ಮೇಲೆ ಏನೂ ಮೂಡದು. ಎಎಂಡಿಯ ರೈಜೆನ್ 5 5600ಕ್ಕೂ ಇದೇ ಮಾತು ಅನ್ವಯಿಸುತ್ತದೆ. ಬೋರ್ಡಿನ ಬಯೋಸ್ ನೀವು ಆರಿಸಿದ ಪ್ರೊಸೆಸರನ್ನು ಗುರುತಿಸುವುದೇ ಎಂದು ತಯಾರಕರ ಪಟ್ಟಿಯಲ್ಲಿ ನೋಡಿಕೊಳ್ಳಿ. ಪೆಟ್ಟಿಗೆ ಸಹಿತ ಬರುವ ಪ್ರೊಸೆಸರುಗಳಿಗೆ ಎರಡೂ ಸಂಸ್ಥೆಗಳು 3 ವರ್ಷಗಳ ವಾರಂಟಿ ನೀಡುತ್ತವೆ. ಬಿಲ್ಲಿನಲ್ಲಿ ಮಾದರಿಯ ಹೆಸರನ್ನು ಪೂರ್ತಿಯಾಗಿ ಬರೆಸಿಕೊಳ್ಳಿ.

ಬೆವರು ಸುರಿಸಿ ಗಳಿಸಿದ ಹಣ ಸದ್ವಿನಿಯೋಗವಾಗಲಿ, ಮಕ್ಕಳ ಕಲಿಕೆಗೆ ಅದು ನೆರವಾಗಲಿ ಎಂಬುದೇ ನಮ್ಮ ಹಾರೈಕೆ.